ಅಂಗಡಿಯ ಅಂಟಿನ ಉಂಡೆ

ಧಾರವಾಡದ ಹೆಣ್ಣುಮಗಳೊಬ್ಬಳು ಬಾಣಂತಿ ಮಗಳಿಗೆ ಅಂಗಡಿಯಿಂದ ಅಂಟಿನ ಉಂಡೆ ತರುವುದೆಂದರೆ ಸಣ್ಣ ಮಾತಲ್ಲ. ವಿಜಯಾ ತಂದಳು. ಪರದೇಶದ ಮಿಸಿಸಾಗ ಊರಿನ ಯಾವುದೋ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯನ್ನು ಎರಿನ್ ಮಿಲ್ಸ್ ಬಡಾವಣೆಯ ತನ್ನ ಅಡುಗೆಮನೆಯಲ್ಲಿಟ್ಟು, ಅದರ ಹಿಂದೆ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಟೇಬಲ್ಲಿನ ಮುಂದೆ ಕೂತಿದ್ದ ಮಗ ಭುವನ್ ತಲೆ ಎತ್ತಲಿಲ್ಲ.

ಯಾಕೆ ಎತ್ತಲಿಲ್ಲವೆಂದರೆ ಅವನ ಬೇಸ್‌ಬಾಲಿನ ಕತೆ ಹೇಳಬೇಕು. ಮಹಾರಾಯ ಹೊಡೆದ ಚೆಂಡು ಗ್ಯಾಲರಿಯ ತುದಿಗೆ ಹೋಗಿ ಬೀಳುತ್ತಿತ್ತು. ಅಂಥ ಹೋಮ್‌ರನ್ ಹೊಡೆಯುವುದೊಂದೇ ಅವನ ಕಸುಬು; ಓಡುವುದು, ಹಿಡಿಯುವುದು ಎಲ್ಲ ಅಷ್ಟಕ್ಕಷ್ಟೇ. ಸಣ್ಣ ಊರುಗಳ ತಂಡಗಳಲ್ಲಿ ಆರು ವರ್ಷ ಬಸ್ಸಿನಲ್ಲಿ ಅಲೆದು ದೊಡ್ಡ ಲೀಗಿಗೆ ಏರಿದ. ಆ ಆರೂ ವರ್ಷ ಅವ್ವ ತುಪ್ಪದಲ್ಲಿ ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಉಂಡೆ ಕಟ್ಟಿ ಪಾರ್ಸೆಲ್ ಕಳಿಸಿದಳು. ಮೊದಲ ಸೀಸನ್ನಿನಲ್ಲೇ ಮೂವತ್ತೊಂದು ಹೋಮ್‌ರನ್. ಎರಡನೆಯದರ ನಡುವೆ ಅವನ ಮೂತ್ರಪರೀಕ್ಷೆಯಲ್ಲಿ ನಿಷೇಧಿತ ಔಷಧ ಸಿಕ್ಕಿತು.

ಅದು ಅವನು ಕೈಯಾರೆ ತೊಡೆಗೆ ಚುಚ್ಚಿಕೊಂಡದ್ದು. ಟಿವಿಯವರು ಮೈಕು ಹಿಡಿದಾಗ ಬಾಯಿಂದ ಬಂದದ್ದೇ ಬೇರೆ. ಅಮ್ಮ ಮನೆಯಲ್ಲಿ ಮಾಡಿ ಕಳಿಸುವ ಉಂಡೆಯಲ್ಲಿ ಏನೋ ಸೇರಿರಬೇಕು, ಪಾಪ ಅವಳಿಗೂ ಗೊತ್ತಿರಲಿಲ್ಲ ಎಂದುಬಿಟ್ಟ. ಆ ‘ಪಾಪ’ ನೆನಪಾದರೆ ಈಗಲೂ ನಾಚಿಕೆಯಿಂದ ಅವನ ಮೈ ಹಿಡಿಯಷ್ಟಾಗುತ್ತದೆ. ಲೀಗಿನವರು ನಂಬಲಿಲ್ಲ, ಅರ್ಧ ಸೀಸನ್ ಹೊರಗಿಟ್ಟರು, ಮರುವರ್ಷ ತಂಡವೂ ಕೈಬಿಟ್ಟಿತು. ನಂಬಿದವಳು ಅವ್ವ. ಮಗನ ಅನ್ನಕ್ಕೆ ತಾನೇ ಕಲ್ಲು ಹಾಕಿದೆನೆಂದು ಅತ್ತಳು. ತನ್ನ ಉಂಡೆ ಹಂಚಿದ್ದ ಪರಿಚಯದ ಏಳು ಮನೆಗೆ ಫೋನು ಮಾಡಿ, ಉಳಿದದ್ದನ್ನು ಒಗೆಯಿರಿ ಎಂದು ಹೇಳಿ ಕ್ಷಮೆ ಕೇಳಿದಳು. ಅದಾಗಿ ನಾಲ್ಕು ವರ್ಷ. ಭುವನ್ ತುಟಿ ಬಿಚ್ಚಿರಲಿಲ್ಲ.

“ಅಂಗಡೀದು ಯಾಕ ತಂದಿ? ಶಿವಾನಿ ನಿನ್ನ ಕೈದ ಬೇಕಂದಾಳ,” ಎಂದ. ಶಿವಾನಿ ಅವನ ತಂಗಿ, ಹೆತ್ತು ಹನ್ನೆರಡು ದಿನವಾಗಿತ್ತು.

“ಬ್ಯಾಡಪ್ಪಾ. ಕೂಸಿಗೆ ಹಾಲು ಕುಡಸೋಕಿ ಅಕಿ. ನನ್ನ ಕೈಯಾಗಿಂದು ತಿಂದು ಏನರ ಆದ್ರ? ಒಂದ ಸಲ ಆಗಿದ್ದು ಸಾಕು.”

ಭುವನ್ ತಲೆ ಎತ್ತಿದ. “ಅವ್ವಾ, ಐ ಲೈಡ್. ಇಟ್ ವಾಸಂಟ್ ಯುವರ್ ಉಂಡಿ.”

ಅವ್ವ ಕನ್ನಡಕ ತೆಗೆದಳು. “ಕನ್ನಡದಾಗ ಹೇಳು.”

ಇಂಗ್ಲಿಷಿನಲ್ಲಿ ಸಲೀಸಾಗಿ ಬಂದ ಮಾತನ್ನು ಕನ್ನಡದಲ್ಲಿ ಒಂದೊಂದೇ ಪದವಾಗಿ ಹೇಳಿದ. “ನಾ ಸುಳ್ಳು ಹೇಳಿದೆ. ಇಂಜೆಕ್ಷನ್ ನಾನ ತೊಗೊಂಡಿದ್ದೆ. ನಿನ್ನ ಉಂಡ್ಯಾಗ ಏನೂ ಇರಲಿಲ್ಲ.”

“ಏನೂ ಇರಲಿಲ್ಲ?”

ಕೆನ್ನೆಗೆ ಬಾರಿಸಲಿ ಎಂದು ಅವನು ಕಾದಿದ್ದರೆ, ಅವಳ ಮುಖ ಅರಳಿತು. ಆ ಸಂತೋಷವನ್ನು ಅವನಿಂದ ನೋಡಲಾಗಲಿಲ್ಲ. ಆಮೇಲೆ ಅದು ನಿಧಾನಕ್ಕೆ ಇಳಿಯಿತು.

“ನಾಕು ವರ್ಷ, ಭುವನ್,” ಎಂದಳು. ಅಂಗಡಿಯ ಡಬ್ಬಿಯನ್ನು ಬದಿಗೆ ಸರಿಸಿ, “ಹೋಗಿ ಅಂಟು ತೊಗೊಂಡು ಬಾ.”

ಸಂಜೆಯ ಹೊತ್ತಿಗೆ ಮನೆಯೆಲ್ಲ ತುಪ್ಪದ ಘಮ. ಮೊದಲೆಲ್ಲ ರುಚಿ ನೋಡೆಂದು ಮೊದಲ ಉಂಡೆಯನ್ನು ಅವನ ಕೈಗೇ ಹಾಕುತ್ತಿದ್ದಳು. ಈ ಸಲ ತಾನೇ ತಿಂದಳು, ನಿಂತಲ್ಲೇ, ಕಣ್ಣು ಒರೆಸಿಕೊಳ್ಳುತ್ತ. ಶಿವಾನಿಯದನ್ನು ತೆಗೆದಿಟ್ಟು, ತೊಳೆದಿಟ್ಟಿದ್ದ ಏಳು ಮೊಸರಿನ ಡಬ್ಬಿಗಳನ್ನು ತುಂಬಿದಳು.

“ಆ ಏಳೂ ಮನಿಗೆ ಫೋನ್ ನಾ ಮಾಡಿದ್ದೆ. ಡಬ್ಬಿ ನೀ ಒಯ್ದು ಕೊಡು. ಬಾಗಲದಾಗ ನಿಂತು ಕನ್ನಡದಾಗ ಹೇಳು.”

ಮೊದಲ ಮನೆ ಥಾರ್ನ್‌ಹಿಲ್ಲಿನ ನಿವೃತ್ತ ಡಾಕ್ಟರು ಚನ್ನಬಸಯ್ಯನವರದು. ಬಾಗಿಲು ತೆರೆದವರೇ ಅವನ ಭುಜ ತಟ್ಟಿದರು. “ಬಾ ತಮ್ಮಾ. ಅವ್ವ ಹೆಂಗದಾಳ? ಅಕೀ ಮ್ಯಾಲ ಸಿಟ್ಟು ಇಟ್ಕೋಬ್ಯಾಡ. ಪಾಪ, ಗೊತ್ತಿಲ್ಲದ ಮಾಡ್ಯಾಳ.”

ಭುವನ್ ಡಬ್ಬಿ ಮುಂದೆ ಚಾಚಿದ. ಘಮ ಬಂದದ್ದೇ ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡು ಒಂದು ಹೆಜ್ಜೆ ಸರಿದರು. “ಮತ್ತ ಮಾಡಾಕ ಶುರು ಮಾಡ್ಯಾಳೇನು?”

ನಾಲ್ಕು ವರ್ಷದಿಂದ ಅವ್ವ ಜನರ ನಡುವೆ ನೋಡುತ್ತ ಬಂದದ್ದು ಈ ಹೆಜ್ಜೆಯನ್ನೇ ಎಂದು ಅವನಿಗೆ ಆಗ ತಿಳಿಯಿತು. ಅವನು ಚಾಚಿದ ಕೈ ಇಳಿಸಲಿಲ್ಲ.

“ಕಾಕಾ, ನಾ ಸುಳ್ಳು ಹೇಳಿದೆ,” ಎಂದ.