ಮನೆ ಅಳಿಯನ ಬೆಕ್ಕು

ನೇಕಾರ ರಾಜಕುಮಾರ ಗದ್ವಾಲಕ್ಕೆ ಮನೆ ಅಳಿಯನಾಗಿ ಹೊರಟಾಗ ಒಂದು ಟ್ರಂಕಿನ ಜೊತೆ ಒಂದು ಬೆಕ್ಕನ್ನೂ ಕಟ್ಟಿಕೊಂಡ. ಹೆಂಡತಿಯ ಮನೆಗೆ ಇರಲು ಹೋಗುವ ಗಂಡಸು ಇದು ನನ್ನದು ಎಂದು ಹೇಳಿಕೊಳ್ಳಲು ಏನಾದರೂ ಒಯ್ಯಬೇಕಲ್ಲ. ನಾರಾಯಣಪೇಟೆಯ ಮನೆ ಅಣ್ಣ ಗಣೇಶನದು. ಮಗ್ಗ ಗುಂಡಿಯಲ್ಲಿ ಹೂತದ್ದು, ಹೆಗಲ ಮೇಲೆ ಹೊತ್ತೊಯ್ಯುವಂಥದ್ದಲ್ಲ. ಉಳಿದದ್ದು ಬೆಕ್ಕು. ಅದೂ ಬೀದಿಯಿಂದ ಬಂದದ್ದೇ. ಹೋದ ಮಳೆಗಾಲ ಒಲೆಯ ಬೂದಿಯಲ್ಲಿ ಬಂದು ಮಲಗಿತ್ತು, ಬೈದರೂ ಏಳಲಿಲ್ಲ, ಬೂದಿ ಎಂದೇ ಹೆಸರಾಯಿತು. ನೂಲಿಗೆ ಹಚ್ಚಿದ ಗಂಜಿಯ ಆಸೆಗೆ ಬರುತ್ತಿದ್ದ ಇಲಿಗಳು ಅದು ಬಂದ ಮೇಲೆ ಆ ಕಡೆ ಸುಳಿಯಲಿಲ್ಲ.

ಹೊರಡುವ ಮುನ್ನ ಅತ್ತೆ ಬಾಲಮ್ಮ ಫೋನಿನಲ್ಲಿ ಬುದ್ಧಿ ಹೇಳಿದ್ದಳು. "ಬೆಕ್ಕಿಗೆ ದಾರಿ ತೋರಿಸಬ್ಯಾಡ್ರಿ ಅಳಿಯಂದ್ರ. ದಾರಿ ಕಂಡಿತಂದ್ರ ತಿರುಗಿ ಹೋಗಿಬಿಡ್ತೈತಿ. ಚೀಲದಾಗ ಹಾಕಿ ಬಾಯಿ ಕಟ್ಟಿಕೊಂಡು ಬರ್ರಿ."

ಹಾಗೇ ಕಟ್ಟಿಕೊಂಡು ಬಸ್ಸು ಹತ್ತಿದ. ಮಕ್ತಲ್‌ನಲ್ಲಿ ಬಸ್ಸು ಬದಲಿಸಬೇಕು. ಹೆಂಡತಿ ಶಿರೀಷಾ ಚಹಾ ತರಲು ಹೋದಾಗ ಅವನ ಕೈ ತಾನಾಗಿಯೇ ಚೀಲದ ಗಂಟು ಬಿಚ್ಚಿತು. ಬೂದಿ ತಲೆ ಹೊರಹಾಕಿ ಬಸ್ ನಿಲ್ದಾಣವನ್ನು ಒಮ್ಮೆ ಸುತ್ತ ನೋಡಿತು. ಮುಂದೆ ಜುರಾಲ ಅಣೆಕಟ್ಟಿನ ಮೇಲೆ ಬಸ್ಸು ಸಾಗುವಾಗ ಶಿರೀಷಾ ತೂಕಡಿಸುತ್ತಿದ್ದಳು. ಅವನು ಚೀಲವನ್ನು ಕಿಟಕಿಗೆ ಹಿಡಿದು, "ಸರಿಯಾಗಿ ನೋಡ್ಕೋ" ಎಂದು ಬೂದಿಯ ಕಿವಿಯಲ್ಲಿ ಹೇಳಿದ. ಯಾಕೆ ಹಾಗೆ ಹೇಳಿದೆ ಎಂದು ಆಗ ಅವನಿಗೂ ಗೊತ್ತಿರಲಿಲ್ಲ.

ಗದ್ವಾಲದ ಮನೆಯಲ್ಲಿ ಬಾಲಮ್ಮ ಬೆಕ್ಕನ್ನು ಒಲೆಯ ಪಕ್ಕ ಕೋಳಿ ಮುಚ್ಚುವ ಬುಟ್ಟಿಯಡಿ ಹಾಕಿ ಮೇಲೆ ಕಲ್ಲಿಟ್ಟಳು. ಅಮಾವಾಸ್ಯೆ ಕಳೆಯುವವರೆಗೆ ಹೊರಗೆ ಬಿಡಬಾರದು, ಅಷ್ಟರಲ್ಲಿ ಹಳೇ ಮನೆ ಮರೆಯುತ್ತದೆ ಎಂದಳು. ಹಗ್ಗ ಕಟ್ಟಿ ಹಿತ್ತಲಿಗೆ ಒಯ್ಯುವುದು, ತರುವುದು, ಮತ್ತೆ ಮುಚ್ಚುವುದು. ದಿನಾ ಹಾಲನ್ನ. ನಡುನಡುವೆ ಬುಟ್ಟಿಯ ಸಂದಿಯಿಂದ ಬೆರಳು ತೂರಿಸಿ ಮುದ್ದು ಬೇರೆ.

ಅಳಿಯನಿಗೂ ಉಪಚಾರಕ್ಕೆ ಕಡಿಮೆ ಇರಲಿಲ್ಲ. ಒಲೆಯಿಂದ ಇಳಿದ ಮೊದಲ ರೊಟ್ಟಿ ಅವನಿಗೇ. ಮಾವ ಮಾರ್ಕಂಡೇಯ ತನ್ನ ಮಂಚ ಬಿಟ್ಟುಕೊಟ್ಟು ಕೆಳಗೆ ಮಲಗಿದ. ಓಣಿಯ ಹೆಂಗಸರು ಹೋಗುತ್ತ ಬರುತ್ತ ಅಳಿಯಂದ್ರು ಉಂಡ್ರೇನು ಎಂದು ವಿಚಾರಿಸುತ್ತಿದ್ದರು. ಒಬ್ಬರಾದರೂ ಒಂದು ಬಿರುಸು ಮಾತಾಡಿದ್ದರೆ ಅವನು ಜಗಳ ತೆಗೆದು ಕಾಲಿಗೆ ಬುದ್ಧಿ ಹೇಳುತ್ತಿದ್ದ. ಪುಣ್ಯವಂತರು ಅಷ್ಟಕ್ಕೂ ಅವಕಾಶ ಕೊಡಲಿಲ್ಲ.

ಮಗ್ಗದ ಕಥೆಯೇ ಬೇರೆ. ನಾರಾಯಣಪೇಟೆಯಲ್ಲಿ ಸೀರೆಯನ್ನು ಅವನೊಬ್ಬನೇ ಕೂತು ನೇಯುತ್ತಿದ್ದ. ಲಾಳಿ ಅವನದು, ತುಳಿಯುವ ಕಾಲು ಅವನದು, ಬೇಸರವಾದರೆ ಎದ್ದು ಹೋಗುವ ಸ್ವಾತಂತ್ರ್ಯವೂ ಅವನದೇ. ಈ ಮನೆಯ ಸೀರೆಗೆ ಮೈ ಹತ್ತಿ, ಅಂಚು ರೇಷ್ಮೆ. ಮೂರು ಲಾಳಿ ಓಡಬೇಕು, ಇಬ್ಬರು ಕೂಡಬೇಕು. ನಡುವೆ ಕೂತು ತುಳಿಯುವವನು ಮಾವ. ಬಲಕ್ಕೆ ಕೂತು ಒಂದು ಅಂಚಿನ ಲಾಳಿ ಹಿಡಿದು ಬಿಡುವವನು ಅಳಿಯ. ಅವನ ಕಾಲುಗಳು ಗುಂಡಿಯಲ್ಲಿ ಸುಮ್ಮನೆ ಇಳಿಬಿದ್ದಿರುತ್ತಿದ್ದವು. ಮಾವ ಏಳದೆ ಅವನು ಏಳುವಂತಿಲ್ಲ, ಅವನು ಎದ್ದರೆ ಮಗ್ಗವೇ ನಿಲ್ಲುತ್ತದೆ. ಉಚ್ಚೆಗೆ ಹೋಗುವುದಕ್ಕೂ ಮಾವನ ಮುಖ ನೋಡಬೇಕು. ಒಳ್ಳೆಯ ಮನುಷ್ಯ, ನಗುತ್ತಲೇ ಹೋಗಿಬರ್ರಿ ಅನ್ನುತ್ತಿದ್ದ. ಆ ನಗು ಕಂಡರೇ ರಾಜಕುಮಾರನಿಗೆ ಉಸಿರುಗಟ್ಟುತ್ತಿತ್ತು.

ಒಂದು ದಿನ ಗಣೇಶ ಫೋನು ಮಾಡಿದ. "ನಿನ್ನ ಮಗ್ಗ ಹಂಗ ಐತೆಪ್ಪ, ಯಾರೂ ಕೂತಿಲ್ಲ."

ಅದನ್ನು ಕೇಳಿದಾಗಿನಿಂದ ಅವನ ತಲೆಯಲ್ಲಿ ಒಂದೇ ಲೆಕ್ಕಾಚಾರ. ಬೂದಿ ದಾರಿ ಕಂಡಿದೆ. ಬಿಟ್ಟ ಕೂಡಲೇ ಓಡುತ್ತದೆ. ಹುಡುಕಿಕೊಂಡು ಬರುತ್ತೇನೆ ಎಂದು ಹೊರಟರೆ ಬೇಡ ಅನ್ನುವವರು ಯಾರು? ನಾರಾಯಣಪೇಟೆಗೆ ಹೋಗಿ ತನ್ನ ಮಗ್ಗದಲ್ಲಿ ಕೂತುಬಿಡುವುದು. ಫೋನು ಬಂದರೆ ಇನ್ನೂ ಸಿಕ್ಕಿಲ್ಲ ಅನ್ನುವುದು. ಹುಡುಕುವ ಮನಸ್ಸಿದ್ದರೆ ಒಂದು ಬೆಕ್ಕನ್ನು ವರ್ಷಗಟ್ಟಲೆ ಹುಡುಕಬಹುದು. ಗಂಡ ಬರಲಿಲ್ಲವೆಂದರೆ ಶಿರೀಷಾ ತಾನೇ ಬಂದಾಳು ಎಂದುಕೊಂಡ. ಅಲ್ಲಿಗೆ ಅವಳ ಬಗ್ಗೆ ಯೋಚಿಸುವುದು ಮುಗಿಯಿತು.

ಅಮಾವಾಸ್ಯೆ ಕಳೆದ ಮರುಬೆಳಗ್ಗೆ ಅವನು ಎಲ್ಲರಿಗಿಂತ ಮೊದಲೆದ್ದು ಹಿತ್ತಲ ಬಾಗಿಲು ತೆರೆದ. ಮುಂಬಾಗಿಲಲ್ಲಿದ್ದ ತನ್ನ ಚಪ್ಪಲಿಯನ್ನು ತಂದು ಹಿತ್ತಲ ಮೆಟ್ಟಿಲಲ್ಲಿಟ್ಟ.

"ಬಾಗಿಲಾ ಮುಚ್ಚಬೇಕಲ್ರಿ ಅಳಿಯಂದ್ರ," ಎಂದಳು ಬಾಲಮ್ಮ.

"ಒಲಿ ಹೊಗಿ ಹೊರಗ ಹೋಗಲಿ ಅಂತ ತೆರೆದೀನ್ರಿ ಅತ್ತಿ."

ಬಾಲಮ್ಮ ಬಟ್ಟಲಲ್ಲಿ ಹಾಲಿಟ್ಟು ಬುಟ್ಟಿ ಎತ್ತಿದಳು. ಬೂದಿ ಮೈ ಮುರಿಯಿತು. ಹಾಲಿನ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಹಿತ್ತಲಿಗೆ ನಡೆಯಿತು. ಒಂದೇ ನೆಗೆತಕ್ಕೆ ಗೋಡೆ ಹತ್ತಿತು. ಆಚೆ ಧರೂರಿನ ಬಸ್ಸು ಹೋಗುವ ರಸ್ತೆ, ಅವರು ಬಂದ ದಾರಿಯೇ. ರಾಜಕುಮಾರನ ಒಂದು ಕಾಲು ಆಗಲೇ ಚಪ್ಪಲಿಯೊಳಗಿತ್ತು. ಹೋಗವ್ವಾ, ಹೋಗು, ನಿನಗ ಕೈ ಮುಗಿತೀನಿ ಎಂದು ಅವನ ಜೀವ ಒಳಗೇ ಬೇಡಿಕೊಳ್ಳುತ್ತಿತ್ತು.

ಬೂದಿ ರಸ್ತೆಯನ್ನು ನೋಡಿತು. ಮುಂಗಾಲು ನೆಕ್ಕಿಕೊಂಡಿತು. ಗೋಡೆಯಿಂದ ಈ ಕಡೆಗೇ ಇಳಿದು, ಅವನ ಕಾಲಿನ ಪಕ್ಕದಲ್ಲೇ ಹಾದು ಒಳಗೆ ಬಂದು, ಬಟ್ಟಲನ್ನು ಖಾಲಿ ಮಾಡಿತು.

"ನೋಡ್ರಿ, ಈಗ ಇದು ನಮ್ಮ ಮನೀದಾತು," ಎಂದು ಬಾಲಮ್ಮ ಹಿಗ್ಗಿದಳು. ಮಾವ ನಕ್ಕ. ಅಳಿಯನೂ ನಗಬೇಕಾಯಿತು.

ಬೇರೆ ದಾರಿಯಿಲ್ಲದೆ ಹೋಗಿ ಮಗ್ಗದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಗುಂಡಿಯೊಳಗೆ ಪಾದದ ಮೇಲೆ ಏನೋ ಬೆಚ್ಚಗೆ ಒರಗಿತು. ಬೂದಿ. ನಾರಾಯಣಪೇಟೆಯಲ್ಲಿ ಅದು ಹೀಗೆ ಮಲಗಲು ಎಷ್ಟೋ ಸಲ ಬಂದದ್ದುಂಟು. ಅಲ್ಲಿ ಅವನ ಕಾಲು ತುಳಿಯುತ್ತಿತ್ತು, ಅದು ಮುನಿಸಿಕೊಂಡು ಎದ್ದು ಹೋಗುತ್ತಿತ್ತು. ಇಲ್ಲಿ ಕೆಲಸವಿಲ್ಲದ ಕಾಲು ಸಿಕ್ಕಿತು. ಗುರುಗುರು ಸದ್ದು ಮಾಡುತ್ತ ನಿದ್ದೆಹೋಯಿತು. ಅವನಿಗೆ ಅಳು ಬಂದಂತಾಯಿತು.

ಮಾವ ನೀರು ಕುಡಿಯಲು ಎದ್ದು ಹೋದ. ಶಿರೀಷಾ ಸೀರೆ ಅಂಗಡಿಯ ಕೆಲಸಕ್ಕೆ ಹೊರಟು ನಿಂತಿದ್ದಳು. ಮದುವೆಯ ನಂತರ ಸಿಕ್ಕ ಕೆಲಸ ಅದು. ಬೆಕ್ಕನ್ನು ನೋಡುವವಳಂತೆ ಗುಂಡಿಯ ಅಂಚಿನಲ್ಲಿ ಕೂತಳು.

"ನಿಮ್ಮ ಚಪ್ಪಲಿ ಹಿತ್ತಲದಾಗ ಇದ್ವು," ಎಂದಳು ಮೆಲ್ಲಗೆ. "ಬೆಕ್ಕು ಗ್ವಾಡಿ ಏರಿದಾಗ ಒಂದು ನಿಮ್ಮ ಕಾಲಾಗಿತ್ತು. ಮುಂದ ತಂದಿಟ್ಟೀನಿ."

ಅವನು ಲಾಳಿಯಲ್ಲಿನ ನೂಲು ಸರಿಮಾಡತೊಡಗಿದ.

"ಹೋಗಬೇಕು ಅನಿಸಿದ್ರ ಹೋಗ್ರಿ. ಅದಕ್ಕ ಬೆಕ್ಕಿನ ನೆವ ಯಾಕ ಬೇಕು. ನೀವು ಕೂತ ಜಾಗ ನಂಗೊತ್ತೈತಿ. ಸಾಲಿ ಬಿಡಿಸಿದಾಗಿಂದ ಮದುವಿ ಆಗೋ ತನಕಾ ಅಲ್ಲಿ ನಾನೇ ಕೂತಿದ್ದೆ. ಉಚ್ಚಿ ಬಂದ್ರೂ ಅಪ್ಪನ ಮುಖ ನೋಡಿಕೋತ." ಅವಳು ಬೆಕ್ಕಿನ ತಲೆ ಸವರಿದಳು. "ನೀವು ಎದ್ರ ಅಲ್ಲಿ ಮತ್ತ ನಾನೇ ಕೂಡಬೇಕು. ಅದೊಂದು ತಿಳಕೊಂಡು ಏಳ್ರಿ."

ಎದ್ದು ಹಿತ್ತಲ ಬಾಗಿಲವರೆಗೆ ಹೋದಳು. ಮುಚ್ಚುತ್ತಾಳೆ ಎಂದುಕೊಂಡ. ಅವಳು ಎರಡೂ ಕದಗಳನ್ನು ಪೂರ್ತಿ ತೆರೆದು, ಗಾಳಿಗೆ ಹೊಡೆಯದಂತೆ ಕಲ್ಲು ಒತ್ತಿಟ್ಟಳು. ಬುಟ್ಟಿಯ ಮೇಲಿದ್ದ ಕಲ್ಲೇ ಅದು. ಆಮೇಲೆ ಮುಂಬಾಗಿಲಿಂದ ಕೆಲಸಕ್ಕೆ ಹೋದಳು.

ಮಾವ ಬಾಯಿ ಒರೆಸಿಕೊಳ್ಳುತ್ತ ಬಂದು ತನ್ನ ಜಾಗದಲ್ಲಿ ಇಳಿದ. ಅಳಿಯನ ಕಣ್ಣೆದುರಿಗೆ ಬಾಗಿಲು, ಹಿತ್ತಲು, ಗೋಡೆ, ಅದರಾಚೆ ಬಸ್ಸಿನ ಸದ್ದು. ತಡೆಯುವವರು ಯಾರೂ ಇಲ್ಲ.

"ಲಾಳಿ ಬಿಡ್ರಿ ಅಳಿಯಂದ್ರ," ಎಂದ ಮಾವ.

ಬಿಟ್ಟ. ಹಿಡಿದ. ಮತ್ತೆ ಬಿಟ್ಟ. ಬೆಕ್ಕಿನ ಭಾರಕ್ಕೆ ಎರಡೂ ಪಾದ ಜೋಮು ಹಿಡಿದವು. ಎಬ್ಬಿಸಲು ಮನಸ್ಸು ಬಾರದೆ ಅವನು ಹಾಗೇ ಕೂತ.