ನಕ್ಷೆಯ ಕೆಳಗಿನ ಸಾಲು

ಹೊನ್ನಾವರದಿಂದ ಮಂಕಿಗೆ ಬರುವ ಹೆದ್ದಾರಿಯಲ್ಲಿ ಅಪ್ಸರಕೊಂಡ ಜಲಪಾತಕ್ಕೆ ತಿರುಗುವ ಒಂದು ಕ್ರಾಸ್ ಇದೆ. ಅಲ್ಲಿ ಅಂಗಡಿ ಇಟ್ಟವರ ಪಾಡು ಯಾರಿಗೂ ಬೇಡ. ಬೆಳಗಿನಿಂದ ಸಂಜೆಯವರೆಗೆ ಕಾರುಗಳು ನಿಲ್ಲುತ್ತವೆ, ಗಾಜು ಕೆಳಗಿಳಿಯುತ್ತದೆ, "ಫಾಲ್ಸಿಗೆ ಹೇಗೆ ಹೋಗೋದು?" ಎಂಬ ಒಂದೇ ಪ್ರಶ್ನೆ ಬರುತ್ತದೆ. ದಾರಿ ಹೇಳಿದ ಕೂಡಲೇ ಗಾಜು ಮೇಲೇರುತ್ತದೆ. ಎಳನೀರು ಬೇಕಾ ಎಂದು ಕೇಳುವಷ್ಟೂ ಹೊತ್ತು ಕೊಡುವುದಿಲ್ಲ.

ನೀಲಾ ಅಲ್ಲಿ ಎಳನೀರು ಮಾರುತ್ತಿದ್ದಳು. 2009ರ ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಅವಳಿಗೆ ಬಾಯಿಂದ ದಾರಿ ಹೇಳುವುದಿರಲಿ, ಕೈ ಎತ್ತಿ ತೋರಿಸಲಿಕ್ಕೂ ಬೇಜಾರು ಬಂದಿತ್ತು.

ಅವಳ ಗಂಡ ಭಾಸ್ಕರ ಬೋರ್ಡ್ ಬರೆಯುವವನು. ಮಂಕಿಯಿಂದ ಕುಮಟಾದವರೆಗೆ ಅವನ ಅಕ್ಷರವಿಲ್ಲದ ಪೇಟೆ ಇರಲಿಲ್ಲ ಎನ್ನುವಂಥ ಕಾಲವೊಂದಿತ್ತು. ಆಮೇಲೆ ಫ್ಲೆಕ್ಸ್ ಬಂತು. ಈಗ ಅವನು ಅಂಗಡಿಯ ಹಿಂದೆ ಕುಳಿತು, ತೊಳೆದ ಬ್ರಷ್‌ಗಳನ್ನೇ ಮತ್ತೆ ತೊಳೆಯುತ್ತಿದ್ದ. ಜೊತೆಗೆ ಮೊಣಕಾಲು ನೋವು ಬೇರೆ.

"ಆ ಬ್ರಷ್ ಸವೆದು ಹೋಗೂಕೆ ಮುಂಚೆ ಈ ದಾರಿನಾದ್ರೂ ಒಂದು ಕಾಗದದ ಮೇಲೆ ಬರೀರಿ" ಎಂದಳು ನೀಲಾ. "ಕೇಳಿದವರಿಗೆ ಅದನ್ನೇ ಕೊಟ್ರೆ ಆತು. ನನ್ನ ಗಂಟಲಾದ್ರೂ ಉಳೀತದೆ."

ಭಾಸ್ಕರನಿಗೆ ಆ ಮಾತು ಹಿಡಿಸಿತು. ಬರೀ ದಾರಿ ಯಾಕೆ, ಇಡೀ ಕರಾವಳಿಯ ಚಿತ್ರನಕ್ಷೆಯನ್ನೇ ಬರೆದು, ಅಚ್ಚು ಹಾಕಿಸಿ, ಮಾರಬಹುದಲ್ಲ ಎಂದುಕೊಂಡ. ತನ್ನ ಹೆಸರು ಮತ್ತೊಮ್ಮೆ ಜನರ ಕಣ್ಣಿಗೆ ಬೀಳಬೇಕು ಎನ್ನುವುದು ಅವನ ಒಳಗಿನ ಆಸೆ. ಬಾಯಿಬಿಟ್ಟು ಹೇಳದಿದ್ದರೂ ನೀಲಾಳಿಗೆ ಅದು ಗೊತ್ತಿತ್ತು.

ಹೊನ್ನಾವರದ ಸೈಬರ್‌ನಲ್ಲಿ ಇಂಟರ್‌ನೆಟ್ಟಿನ ನಕ್ಷೆಯೊಂದನ್ನು ಪ್ರಿಂಟ್ ತೆಗೆಸಿಕೊಂಡು ಬಂದ. ಅದನ್ನು ಗಾಜಿನ ಮೇಲಿಟ್ಟು, ಕೆಳಗೆ ಬಲ್ಬ್ ಹಚ್ಚಿ, ಮೇಲೆ ಹಾಸಿದ ಖಾಲಿ ಹಾಳೆಗೆ ಗೆರೆ ಇಳಿಸಿದ. ಶರಾವತಿಯ ಅಳಿವೆಯಲ್ಲಿ ದೋಣಿ ಬರೆದ, ಮಂಕಿಯಲ್ಲಿ ತೆಂಗು ಬರೆದ, ಅಪ್ಸರಕೊಂಡದ ಕಡಲತೀರದ ಮರಳಿನ ಮೇಲೆ ಒಂದು ಕೆಂಪು ಏಡಿ ಬರೆದ. ಏಡಿ ಜೀವ ಇದ್ದಂತೆಯೇ ಕಾಣುತ್ತಿತ್ತು.

ಬೋರ್ಡ್ ಬರೆಯುವವರಲ್ಲಿ ಒಂದು ರೂಢಿಯಿದೆ. ಹಳೆಯ ಬೋರ್ಡು ಕೈಗೆ ಬಂದರೆ ಮೊದಲು ಅದರ ಕೆಳಗಿನ ಮೂಲೆಗೆ ಬಿಳಿ ಬಳಿಯುತ್ತಾರೆ. ಅಲ್ಲಿ ಹಿಂದೆ ಬರೆದವನ ಹೆಸರಿರುತ್ತದೆ. ಹೊಸ ಬೋರ್ಡಿನಲ್ಲಿ ಹಳಬನ ಹೆಸರು ಉಳಿಯಬಾರದು. ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಗುರು ಕಲಿಸಿದ್ದನ್ನು ಶಿಷ್ಯ ಮಾಡುತ್ತಾನೆ, ಅಷ್ಟೆ. ಸೈಬರ್‌ನ ಪ್ರಿಂಟಿನ ಕೆಳಗೂ ಸಣ್ಣ ಇಂಗ್ಲಿಷ್ ಅಕ್ಷರದ ಒಂದು ಸಾಲಿತ್ತು. ಯಾರೋ ಪೇಂಟರನ ಹೆಸರೇ ಇರಬೇಕು ಎಂದು ಭಾಸ್ಕರ ಅದರ ಮೇಲೆ ಬಿಳಿ ಬಳಿದ. ತನ್ನ ಹಾಳೆಯ ಅದೇ ಜಾಗದಲ್ಲಿ ಚಂದವಾಗಿ ಬರೆದ: "ಭಾಸ್ಕರ ಆರ್ಟ್ಸ್, ಮಂಕಿ. ನಕಲು ಮಾಡಿದರೆ ಕಾನೂನು ಕ್ರಮ."

ಮರುದಿನ ಹಾಳೆ ಕುಮಟಾದ ಪ್ರೆಸ್ಸಿಗೆ ಹೋಗಬೇಕು. ಬಣ್ಣ ಒಣಗಲಿ ಎಂದು ಅದನ್ನು ಅಂಗಡಿಯಲ್ಲಿ ತೂಗುಹಾಕಿದ್ದರು. ಆಗ ಬಸ್ಸಿಳಿದು ಬಂದವಳು ನೆರೆಮನೆಯ ಧನ್ಯಾ. ಹೊನ್ನಾವರದ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ದಿನವಿಡೀ ಪಾಠ ಮಾಡಿ, ಬಸ್ಸಿನಲ್ಲಿ ನಿಂತೇ ಬಂದು ಬಸವಳಿದಿದ್ದಳು.

"ಏಡಿ ರಾಶಿ ಚಂದ ಬಂದದೆ ಭಾಸ್ಕರಣ್ಣ" ಎಂದಳು. ಆಮೇಲೆ ಅವಳ ಬೆರಳು ಏಡಿಯ ಪಕ್ಕದ ಕಾಲುದಾರಿಯ ಮೇಲೆ ನಿಂತಿತು. "ಇಲ್ಲಿ ದಾರಿ ಎಂತಕ್ಕೆ ಸೊಟ್ಟ ಆಗದೆ?"

"ದಾರಿ ಹೇಗಿದ್ಯೋ ಹಾಗೆ ಬರ್ದದ್ದು."

"ನೀವು ಆ ದಾರೀಲಿ ನಡೆದು ಎಷ್ಟು ಕಾಲ ಆತು?"

"ಇವರು ಈ ಅಂಗಡಿ ಮೆಟ್ಟಿಲು ಇಳಿದ್ರೇ ದೊಡ್ಡದು" ಎಂದಳು ನೀಲಾ.

ಧನ್ಯಾ ಬೆಂಚಿನ ಮೇಲಿದ್ದ ಸೈಬರ್ ಪ್ರಿಂಟನ್ನೂ ಅದರ ಮೂಲೆಗೆ ಬಳಿದ ಬಿಳಿಯನ್ನೂ ನೋಡಿ, ಪಕ್ಕದಲ್ಲೇ ಕುಳಿತಳು. "ಹೋದ ಮಳೆಗಾಲದಲ್ಲಿ ಅಲ್ಲಿ ಗೇರುಮರ ಬಿದ್ದಿತ್ತು. ನಾನು ನಕ್ಷೆಗೆ ದಾರಿ ಸೇರಿಸೂಕೆ ಜಿಪಿಎಸ್ ಯಂತ್ರ ಹಿಡ್ಕಂಡು ಮರಕ್ಕೆ ಸುತ್ತು ಹಾಕಿ ನಡೆದಿದ್ದೆ. ನಡೆದ ಗೆರೆ ಹಾಗೇ ಇಂಟರ್‌ನೆಟ್ಟಿನ ನಕ್ಷೇಲಿ ಕೂತ್ಕಂತು. ಈಗ ಮರ ತೆಗೆದಾರೆ, ದಾರಿ ನೆಟ್ಟಗದೆ. ಈ ಸೊಟ್ಟ ನನ್ನ ಕಾಲಿಂದು, ಭಾಸ್ಕರಣ್ಣ. ಬೇರೆ ಯಾವ ನಕ್ಷೇಲೂ ಇದಿಲ್ಲ."

"ಅದು ಇಂಟರ್‌ನೆಟ್ಟಲ್ಲಿ ಪುಕ್ಕಟೆ ಸಿಕ್ಕಿದ್ದು. ಪುಕ್ಕಟೆ ಸಿಕ್ಕಿದ್ದಕ್ಕೆ ಯಜಮಾನ ಯಾರು?"

ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಧನ್ಯಾ ಸೋತಿದ್ದಳು. ಆದರೂ ಹೇಳಿದಳು. "ಅದು ಮುಕ್ತ ನಕ್ಷೆ. ಊರೂರಿನ ಜನ ಸಂಬಳ ಇಲ್ಲದೆ ನಡೆದು ಮಾಡಿದ್ದು. ಯಾರು ಬೇಕಾದ್ರೂ ತಗೊಳ್ಳಬಹುದು, ಚಿತ್ರ ಬರೀಬಹುದು, ಮಾರಲೂಬಹುದು. ಯಾರನ್ನೂ ಕೇಳೂದು ಬೇಡ. ಆದ್ರೆ ಎರಡು ಷರತ್ತು ಅದೆ. ನಕ್ಷೆ ಎಲ್ಲಿಂದ ತಂದದ್ದು, ಯಾವ ಪರವಾನಗಿಯದ್ದು ಅಂತ ಕೆಳಗೆ ಬರೀಬೇಕು. ಮತ್ತೆ, ಅದರ ಮೇಲೆ ಕಟ್ಟಿದ್ದನ್ನ ಬೇರೆಯವರೂ ಅದೇ ಷರತ್ತಿನ ಮೇಲೆ ಬಳಸೂಕೆ ಬಿಡಬೇಕು. ನೀವು ಬಿಳಿ ಬಳಿದದ್ದು ಆ ಸಾಲಿಗೇ."

"ಹಂಗಾರೆ ಕುಮಟಾದವ ಇದನ್ನೇ ಅಚ್ಚು ಹಾಕಿ ಮಾರಿದ್ರೆ?"

"ಮಾರಬಹುದು. ನಿಮ್ಮ ಹೆಸರು ಹಾಕಿ ಮಾರಬೇಕು. ನಕಲು ಮಾಡಬೇಡಿ ಅನ್ನೂಕೆ ನಮಗೆ ಬರೂದಿಲ್ಲ."

ಭಾಸ್ಕರ ಏಡಿಯ ಮೇಲೆ ಬೆರಳಿಟ್ಟ. "ಗೆರೆ ನಿಂದು ಇರ್ಲಿ. ಈ ಏಡಿ? ಇದು ಯಾರ ಕಾಲಿಂದ ಬಂತು? ನನ್ನ ಕೈ ಬರ್ದದ್ದು. ಅದನ್ನೂ ದಾನ ಕೊಡಬೇಕಾ?"

"ಅದು ಕಷ್ಟದ ಪ್ರಶ್ನೆ" ಎಂದಳು ಧನ್ಯಾ. "ನಕ್ಷೆ ಎಲ್ಲಿ ಮುಗೀತದೆ, ಚಿತ್ರ ಎಲ್ಲಿ ಶುರು ಆಗ್ತದೆ ಅಂತ ತಿಳಿದವರೇ ಇನ್ನೂ ಜಗಳ ಮಾಡ್ತಾ ಇದ್ದಾರೆ. ಏಡಿ ನಿಮ್ಮದೇ ಆಗಿ ಉಳೀಬೇಕಂದ್ರೆ ಅದನ್ನ ನಕ್ಷೆಯಿಂದ ಬೇರೆ ಇಡೂದು ಕ್ಷೇಮ. ಬೇರೆ ಹಾಳೇಲಿ ಬರೀರಿ. ಇಲ್ಲಾಂದ್ರೆ ನೀವೇ ನಡೆದು ನಿಮ್ಮ ನಕ್ಷೆ ಮಾಡಿ. ಆಗ ಎಲ್ಲಾ ನಿಮ್ಮದೇ."

ಭಾಸ್ಕರ ತನ್ನ ಮೊಣಕಾಲನ್ನು ನೋಡಿಕೊಂಡ. "ಇಷ್ಟೆಲ್ಲ ಯಾರು ನೋಡ್ತಾರೆ ಬಿಡು" ಎಂದ. "ಮೂಲೇಲಿ ಒಂದು ಸಾಲು ಇಲ್ಲದಿದ್ರೆ ಎಂತ ಮುಳುಗಿ ಹೋತದೆ?"

ನೀಲಾ ಎಳನೀರು ಕೆತ್ತುತ್ತಿದ್ದ ಕತ್ತಿಯನ್ನು ಕೆಳಗಿಟ್ಟಳು.

"ಆ ಹೋಟ್ಲು ಬೋರ್ಡಿಂದು ಮರ್ತು ಹೋತಾ?"

ಭಾಸ್ಕರ ಮರೆತಿರಲಿಲ್ಲ. ಹೋದ ವರ್ಷ ಒಬ್ಬ ಫ್ಲೆಕ್ಸ್ ಅಂಗಡಿಯವನು ಹೋಟೆಲೊಂದರ ಬೋರ್ಡಿನ ಫೋಟೊ ತೆಗೆದು, ಭಾಸ್ಕರನ ಅಕ್ಷರಗಳನ್ನೇ ಫ್ಲೆಕ್ಸಿಗೆ ಇಳಿಸಿದ್ದ. ಅಕ್ಷರ ಎಲ್ಲ ಹಾಗೇ ಇತ್ತು. ಹೆಸರಿದ್ದ ಮೂಲೆ ಮಾತ್ರ ಕತ್ತರಿಸಿ ಹೋಗಿತ್ತು.

"ಆವತ್ತು ನೀವು ಊಟ ಮಾಡ್ಲಿಲ್ಲ" ಎಂದಳು ನೀಲಾ. "ಬೋರ್ಡು ಹೋದ್ರೆ ಹೋಗ್ಲಿ, ನನ್ನ ಹೆಸರು ಎಂತಕ್ಕೆ ತೆಗೆದ ಅಂತ ಗೋಡೆಗೆ ಮುಖ ಮಾಡಿ ಮಲಗಿದ್ರಿ. ಈ ಹುಡುಗಿ ಮಳೇಲಿ ಜಿಗಣೆ ಕಚ್ಚಿಸ್ಕಂಡು ನಡೆದದ್ದು. ಅವಳದ್ದೊಂದು ಮೂಲೆ ಅಲ್ವಾ ಅದು?"

ಹೊರಗೆ ಕಾರೊಂದು ನಿಂತು ದಾರಿ ಕೇಳಿತು. ನೀಲಾ ಕೈ ತೋರಿಸಿದಳು. ಅದು ಹೋಯಿತು.

ಭಾಸ್ಕರ ತೂಗುಹಾಕಿದ್ದ ಹಾಳೆಯನ್ನು ಕೆಳಗಿಳಿಸಿದ. ಮತ್ತೆ ಬಿಳಿ ಬಣ್ಣದ ಡಬ್ಬಿ ತೆಗೆದ. ಮೊದಲು ಕಾನೂನು ಕ್ರಮದ ಸಾಲಿನ ಮೇಲೆ ಬಳಿದ. ಆಮೇಲೆ ಕಾಲುದಾರಿಯ ಸೊಟ್ಟದ ಮೇಲೆ ಬಳಿದು, ಒಣಗಿಸಿ, ನೆಟ್ಟಗೆ ಗೆರೆ ಎಳೆದ.

"ಬಿಳಿ ಬಳೀಬೇಕಾದದ್ದು ಇಲ್ಲಿಗಾಗಿತ್ತು" ಎಂದ. "ಇಂಟರ್‌ನೆಟ್ಟಿನ ನಕ್ಷೇಲೂ ಸರಿ ಮಾಡು, ಧನ್ಯಾ. ಏಡಿ ಇಲ್ಲೇ ಇರ್ಲಿ. ಬೇರೆ ಹಾಳೇಲಿ ಮತ್ತೆ ಬರೆಯೂ ತ್ರಾಣ ಇಲ್ಲ. ತಗೊಳ್ಳುವವರು ತಗೊಳ್ಲಿ, ಹೆಸರು ಹಾಕಿ ತಗೊಳ್ಲಿ. ಈಗ ಎಂತ ಬರೀಬೇಕು, ನೀ ಹೇಳು."

ಧನ್ಯಾ ಹೇಳಿದಳು, ಅವನು ಬರೆದ. ನಕ್ಷೆಯ ಮೂಲ, ಅದರ ಪರವಾನಗಿ, ಇದನ್ನೂ ಅದೇ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಬಹುದು ಎಂಬ ಮಾತು, ಕೊನೆಗೆ "ಚಿತ್ರ: ಭಾಸ್ಕರ, ಮಂಕಿ." ಅದರ ಮೇಲೆ, ಯಾರೂ ಕೇಳದೆ, ತಾನಾಗಿಯೇ ಇನ್ನೊಂದು ಸಾಲು ಸೇರಿಸಿದ: "ಅಪ್ಸರಕೊಂಡದ ಕಾಲುದಾರಿ ನಡೆದವರು: ಧನ್ಯಾ." ಇದು ಷರತ್ತಿನಲ್ಲಿ ಇಲ್ಲ ಎಂದಳು ಅವಳು. ಇರಲಿ ಎಂದ ಅವನು. ಧನ್ಯಾ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ನಡೆದದ್ದಕ್ಕೆ ಊರಿನವರು ಅವಳ ಹೆಸರು ಬರೆದದ್ದು ಅದೇ ಮೊದಲು.

ನಕ್ಷೆ ಅಚ್ಚಾಗಿ ಬಂತು. ಕಾರಿನವರು ಅದನ್ನು ಕೈಯಲ್ಲಿ ಹಿಡಿದೇ ಈಗಲೂ ದಾರಿ ಕೇಳುತ್ತಾರೆ. ಆದರೆ ಒಮ್ಮೆ ಒಬ್ಬ ಹೆಂಗಸು ದಾರಿ ಕೇಳದೆ, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, "ಇವರೆಲ್ಲ ಯಾರು?" ಎಂದು ಕೇಳಿದಳು. ನೀಲಾ ಅವಳನ್ನು ಕೂರಿಸಿ, ಎಳನೀರು ಕೊಟ್ಟು, ನಡೆದವರು ಯಾರು, ಬರೆದವರು ಯಾರು ಎಂದು ಪೂರಾ ಹೇಳಿದಳು. ಆ ದಿನ ಅವಳಿಗೆ ಗಂಟಲು ನೋಯಲಿಲ್ಲ.

ಓದುತ್ತಿರುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಬುದ್ಧಿಮಾತು ಕೇಳಿ ನಿಮಗೂ ಸಾಕಾಗಿದೆ, ಹೇಳಿ ನಮಗೂ ಸಾಕಾಗಿದೆ. ಇದೊಂದನ್ನು ಕೇಳಿಬಿಡಿ. ನಿಮ್ಮ ಸಂಘದ ಕ್ಯಾಲೆಂಡರಿಗೋ ಶಾಲೆಯ ಗೋಡೆಗೋ ಮುಕ್ತ ನಕ್ಷೆ ಬಳಸುವಿರಾದರೆ ಧಾರಾಳವಾಗಿ ಬಳಸಿ. ಅದು ಇರುವುದೇ ಅದಕ್ಕೆ. ಆದರೆ ಮೊದಲು ಅದರ ಕೆಳಗಿನ ಸಾಲನ್ನು ಓದಿ. ಎಲ್ಲ ನಕ್ಷೆಗೂ ಒಂದೇ ಷರತ್ತಿಲ್ಲ, ಇದ್ದ ಷರತ್ತೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ತಿಳಿಯದಿದ್ದರೆ ತಿಳಿದವರಲ್ಲಿ ಕೇಳಿ. ಆ ಸಾಲಿಗೆ ಮಾತ್ರ ಬಿಳಿ ಬಳಿಯಬೇಡಿ. ನೀವು ಕುಳಿತಲ್ಲೇ ಎಳೆದ ಗೆರೆಯನ್ನು ಯಾರೋ ಬಿಸಿಲಲ್ಲಿ, ಮಳೆಯಲ್ಲಿ ನಡೆದು ಬಂದಿದ್ದಾರೆ.