ಎಪ್ಪತ್ತೆಂಟನೆಯ ಫೋಟೋ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮಲ್ಲೇಶ್ವರದ ಅರ್ಧ ಜನಕ್ಕೆ ಗೊತ್ತು. ಮೀಟರ್ ಹಾಕದ ಆಟೋದವರಿಗೆ ಗೊತ್ತು, ತೂಕದಲ್ಲಿ ಕೈಚಳಕ ತೋರಿಸುವ ತರಕಾರಿಯವರಿಗೆ ಗೊತ್ತು, ನಮ್ಮ ಸ್ಟಾಫ್ ರೂಮಿನ ಗೋಡೆಗಳಿಗಂತೂ ಚೆನ್ನಾಗಿ ಗೊತ್ತು. ಚೂಡಾಮಣಿ ಮೇಡಂ ಬಾಯಿಗೆ ಸಿಕ್ಕಿಕೊಳ್ಳಬೇಡಿ ಎಂದು ಹೊಸದಾಗಿ ಬಂದ ಮೇಷ್ಟರುಗಳಿಗೆ ಮೊದಲ ದಿನವೇ ಹೇಳಿಕೊಡುತ್ತಾರಂತೆ. ಇಪ್ಪತ್ತೆರಡು ವರ್ಷದಿಂದ ಇದೇ ಕನ್ನಡ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಇಷ್ಟೆಲ್ಲ ಬಾಯಿ ಇಟ್ಟುಕೊಂಡೂ ಆಗಸ್ಟ್ ಹದಿನೆಂಟರ ಸೋಮವಾರ ಬೇಕಾದ ಹೊತ್ತಿನಲ್ಲಿ ನಾನು ಅದನ್ನು ತೆರೆಯಲಿಲ್ಲ.

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡೇ ದಿನ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಒಂದೆರಡು ನಿಮಿಷ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಮೊದಲನೆಯದು ಏಪ್ರಿಲ್‌ನಲ್ಲಿ, ಆಗ ಶಾಲೆಗೆ ಬೇಸಿಗೆ ರಜೆ. ಎರಡನೆಯದು ಆಗಸ್ಟ್ ಹದಿನೆಂಟು, ಹನ್ನೆರಡು ಗಂಟೆ ಇಪ್ಪತ್ನಾಲ್ಕು ನಿಮಿಷಕ್ಕೆ. ಪಠ್ಯಪುಸ್ತಕದ ಚಿತ್ರ ತೋರಿಸಿ ಇದನ್ನು ಹೇಳಿದರೆ ಮಕ್ಕಳು ಹೂಂ ಎನ್ನುತ್ತಾರೆ, ಮರುದಿನ ಮರೆಯುತ್ತಾರೆ. ಅದಕ್ಕೇ ಈ ವರ್ಷ ಎಂಟನೇ ತರಗತಿಗೆ ಒಂದು ಕೆಲಸ ಕೊಟ್ಟೆ. ಅಂಗಳದಲ್ಲಿ ಬಲೆ ಹರಿದುಹೋಗಿ ಒಂಟಿಯಾಗಿ ನಿಂತಿರುವ ವಾಲಿಬಾಲ್ ಕಂಬವಿದೆ. ಜೂನ್ ಎರಡರಿಂದ ದಿನಾ ಮಧ್ಯಾಹ್ನ ಅದರ ನೆರಳಿನ ಒಂದು ಫೋಟೋ ತೆಗೆಯಬೇಕು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಶಾಲೆಗೆ ಮಕ್ಕಳು ಮೊಬೈಲ್ ತರುವಂತಿಲ್ಲವಾದ್ದರಿಂದ ಫೋನ್ ನನ್ನದು. ಎಲ್ಲ ಮನೆಗಳೂ ನೋಡಬಹುದಾದ ಒಂದು ಆಲ್ಬಂ ತೆರೆದು ದಿನದ ಫೋಟೋವನ್ನು ಅದಕ್ಕೆ ಸೇರಿಸುತ್ತಿದ್ದೆ. ಸಂಜೆ ಮಕ್ಕಳು ಮನೆಯವರ ಫೋನಿನಲ್ಲಿ ಅದನ್ನು ನೋಡಿ ಕೆಳಗೆ ಅಳತೆ, ಅನುಮಾನ, ಜಗಳ ಎಲ್ಲ ಬರೆಯುತ್ತಿದ್ದರು.

ಜೂನ್ ಪೂರ್ತಿ ಜಗಳವೇ. ನೆರಳು ಕಡಿಮೆಯಾಗುತ್ತದೆ ಎಂದು ಮಿಸ್ ಹೇಳಿದ್ದರು, ಇಲ್ಲಿ ನೋಡಿದರೆ ಬೆಳೆಯುತ್ತಿದೆಯಲ್ಲ ಎಂದು ಆತ್ರೇಯ ಮೂರು ದಿನ ನನ್ನ ಜೀವ ತಿಂದ. ಜೂನ್ ಇಪ್ಪತ್ತೊಂದು ದಾಟಿ ನೆರಳು ಹಿಂದಕ್ಕೆ ಸರಿಯತೊಡಗಿದ ಮೇಲೆ ಅವನೇ ಮನೆಯಲ್ಲಿ ಬಲ್ಬು, ಕಿತ್ತಳೆಹಣ್ಣು ಇಟ್ಟುಕೊಂಡು, ಸೂರ್ಯ ಉತ್ತರದ ಕೊನೆ ಮುಟ್ಟಿ ತಿರುಗಿದ್ದೇ ಕಾರಣವೆಂದು ಕಂಡುಹಿಡಿದು, ಅದರ ಫೋಟೋ ಹಾಕಿದ. ನಗರ್ತಪೇಟೆಯಲ್ಲಿ ಅಂಗಡಿ ಇಟ್ಟುಕೊಂಡ ಅವನ ತಂದೆ ಗಿರಾಕಿಗಳಿಗೂ ಆಲ್ಬಂ ತೋರಿಸುತ್ತಿದ್ದರಂತೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಪಾಠವೊಂದು ಶಾಲೆಯ ಗೇಟು ದಾಟಿ ಹೋದದ್ದು ಅದೇ ಮೊದಲು.

ಭಾನುವಾರದ ಫೋಟೋ ಯಾರು ತೆಗೆಯುವುದು ಎಂದು ಕೇಳಿದಾಗ ಹಿಂದಿನ ಬೆಂಚಿನಿಂದ ಬಿಂದು ಕೈ ಎತ್ತಿದ್ದಳು. ಶ್ರೀರಾಂಪುರದ ಹುಡುಗಿ. ತಾಯಿ ಟೈಲರ್ ಅಂಗಡಿಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹೊಲಿಯುತ್ತಾರೆ. ತರಗತಿಯಲ್ಲಿ ಹೆಸರು ಕರೆದರೆ ಎದ್ದು ನಿಂತು ನೆಲ ನೋಡುವ ಜಾತಿ. ಏಳನೇ ತರಗತಿಯ ಗಣಿತದಲ್ಲಿ ಅವಳಿಗೆ ಬಂದ ಅಂಕ ಇಲ್ಲಿ ಬರೆಯುವುದು ಬೇಡ. ಅವಳು ಹನ್ನೊಂದು ಭಾನುವಾರವೂ ಅಮ್ಮನ ಫೋನ್ ಹಿಡಿದು ನಡೆದುಕೊಂಡು ಬಂದಳು. ವಾಚ್‌ಮನ್ ವೆಂಕಟಪ್ಪನವರು ಗೇಟು ತೆಗೆಯುತ್ತಿದ್ದರು. ಒಂದು ಭಾನುವಾರ ಜ್ವರವಿದ್ದಾಗಲೂ ಬಂದಿದ್ದಳೆಂದು ನನಗೆ ಅವರಿಂದಲೇ ಗೊತ್ತಾದದ್ದು. ಕೊನೆಯ ಫೋಟೋ, ನೆರಳಿಲ್ಲದ್ದು, ಬಿಂದುವೇ ತೆಗೆಯಬೇಕೆಂದು ಇಡೀ ತರಗತಿ ಕೈ ಎತ್ತಿ ತೀರ್ಮಾನಿಸಿತು. ನಾನು ಅವಳಿಗೆ ಮಾತು ಕೊಟ್ಟೆ.

ಆಮೇಲೆ ನಾನು ಮಾಡಿದ್ದು ಶುದ್ಧ ದಡ್ಡತನ. ಮಕ್ಕಳ ಕೆಲಸ ನಾಲ್ಕು ಜನ ನೋಡಲಿ ಎಂದು ಆಲ್ಬಮ್ಮಿನ ಲಿಂಕನ್ನು ಶಾಲೆಯ ದೊಡ್ಡ ಗ್ರೂಪಿಗೆ ಹಾಕಿದೆ. ಆ ಗ್ರೂಪಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷ ಮಾಯಣ್ಣನವರೂ ಇದ್ದಾರೆ. ಮೂರನೇ ದಿನ ಹೆಡ್‌ಮಾಸ್ಟರ್ ಪಂಚಾಕ್ಷರಯ್ಯನವರು ನನ್ನನ್ನು ಕೋಣೆಗೆ ಕರೆಸಿದರು.

"ಅಧ್ಯಕ್ಷರಿಗೆ ತುಂಬಾ ಖುಷಿಯಾಗಿದೆ ಮೇಡಂ. ಹದಿನೆಂಟನೇ ತಾರೀಕು ಅವರೇ ಬರ್ತಾರಂತೆ. ಸಣ್ಣದಾಗಿ ಒಂದು ಕಾರ್ಯಕ್ರಮ ಇಟ್ಕೊಳೋಣ."

"ಕಾರ್ಯಕ್ರಮ ಏನೂ ಬೇಡ ಸಾರ್. ಬರ್ಲಿ, ಮಕ್ಕಳ ಜೊತೆ ನಿಂತು ನೋಡ್ಲಿ."

"ನಿಲ್ಲಿಸೋದಾ? ಅಧ್ಯಕ್ಷರನ್ನ?" ಎಂದು ಅವರು ನನ್ನನ್ನು ನೋಡಿದ ರೀತಿಗೆ ನಾನೇ ಏನೋ ಹೊಲಸು ಮಾತಾಡಿದೆನೇನೋ ಎನಿಸಿತು.

ನಮ್ಮ ಶಾಲೆಯಲ್ಲಿ ಸಣ್ಣ ಕಾರ್ಯಕ್ರಮವೆಂದರೆ ಪ್ರಾರ್ಥನೆ, ಸ್ವಾಗತ, ದೀಪ, ಸನ್ಮಾನ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಬಂದವರಿಗೆ ಮೈಸೂರು ಪೇಟ ತೊಡಿಸದೆ ಏನನ್ನೂ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ನಿರೂಪಣೆ ನನ್ನ ತಲೆಗೆ ಬಂತು. ಸರಿ, ಹನ್ನೊಂದೂವರೆಗೆ ಶುರು ಮಾಡಿ ಹನ್ನೆರಡಕ್ಕೆ ಮುಗಿಸೋಣ ಎಂದೆ. ಅದಕ್ಕೂ ಅಡ್ಡಿ. ಸೋಮವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಯಮಗಂಡವಂತೆ. ಮಾಯಣ್ಣನವರು ಹನ್ನೆರಡು ಹೊಡೆಯದೆ ಮನೆ ಬಿಡುವುದಿಲ್ಲವಂತೆ.

"ಹನ್ನೆರಡೂ ಇಪ್ಪತ್ನಾಲ್ಕಕ್ಕೆ ಆಗೋದು ಸಾರ್ ಇದು."

"ಗೊತ್ತು ಮೇಡಂ. ಒಂದು ಹತ್ತು ನಿಮಿಷ ಆಚೆ ಈಚೆ ಅಡ್ಜಸ್ಟ್ ಮಾಡ್ಕೊಳಿ."

ಯಮಗಂಡವನ್ನು ನಿಮಿಷ ಲೆಕ್ಕದಲ್ಲಿ ಪಾಲಿಸುವವರು ಸೂರ್ಯನಿಗೆ ಮಾತ್ರ ಹತ್ತು ನಿಮಿಷ ಕಾಯಲು ಹೇಳುತ್ತಾರೆ. ನಾನು ಅವತ್ತು ಸ್ಟಾಫ್ ರೂಮಿಗೆ ಬಂದು ಅರ್ಧ ಗಂಟೆ ಕೂಗಾಡಿದೆ. ಕೂಗಾಡಿ ಏನು ಬಂತು, ಗಂಟಲು ನೋವು ಬಂತು.

ಸೋಮವಾರ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಹಿಂದಿನ ದಿನ ಬಿಂದು ತೆಗೆದಿದ್ದ ಎಪ್ಪತ್ತೇಳನೆಯ ಫೋಟೋದಲ್ಲಿ ನೆರಳು ಒಂದೂವರೆ ಸೆಂಟಿಮೀಟರ್ ಇತ್ತು, ಮೋಡ ಬಾರದಿರಲೆಂದು ನಾನು ದೇವರಿಗೆ ಕೈ ಮುಗಿದು ಬಂದಿದ್ದೆ. ಗೇಟಿನೊಳಗೆ ಕಾಲಿಟ್ಟು ನೋಡುತ್ತೇನೆ, ಅಂಗಳದ ಉದ್ದಕ್ಕೂ ಕೆಂಪು ಹಳದಿ ಪಟ್ಟೆಯ ಶಾಮಿಯಾನ. ವಾಲಿಬಾಲ್ ಕಂಬ ಅದರ ನಟ್ಟನಡುವೆ ಸಿಕ್ಕಿಹಾಕಿಕೊಂಡಿದೆ. ಕಂಬಕ್ಕೆ ಬೆನ್ನು ಮಾಡಿ ಅಧ್ಯಕ್ಷರ ಕುರ್ಚಿ.

"ಸಾರ್, ನೆರಳು ನೋಡೋ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕ್ಸಿದೀರಾ?"

"ಮತ್ತೆ? ನೆತ್ತಿ ಮೇಲೆ ಬಿಸಿಲು ಅಂತ ನೀವೇ ಹೇಳಿದ್ರಲ್ಲ. ಅವರಿಗೆ ಬಿಪಿ ಇದೆ."

ನನ್ನ ರಕ್ತದೊತ್ತಡದ ಬಗ್ಗೆ ಯಾರೂ ಕೇಳಲಿಲ್ಲ. ಅಲ್ಲೇ ಜಗಳಕ್ಕೆ ನಿಂತೆ. ಕೊನೆಗೆ ಒಂದು ಒಪ್ಪಂದವಾಯಿತು. ಕಂಬದ ಮೇಲಿನ ಬಟ್ಟೆಯ ಹಗ್ಗವನ್ನು ಬಿಚ್ಚಿ, ಎಳೆದರೆ ಕಳಚುವ ಹಾಗೆ ಸಡಿಲವಾಗಿ ಗಂಟು ಹಾಕಿ ಇಡುವುದು. ಹನ್ನೆರಡೂ ಇಪ್ಪತ್ತೆರಡಕ್ಕೆ ನಾನು ಮೈಕಿನಲ್ಲಿ ಹೇಳುವುದು, ಹೇಳಿದ ತಕ್ಷಣ ವೆಂಕಟಪ್ಪನವರು ಹಗ್ಗ ಎಳೆಯುವುದು, ಬಟ್ಟೆ ಪಕ್ಕಕ್ಕೆ ಸರಿಯುವುದು. ಬಟ್ಟೆ ಅಧ್ಯಕ್ಷರ ತಲೆಯ ಮೇಲಿಂದಲೇ ಸರಿಯಬೇಕಾದ್ದರಿಂದ ನಾನು ಹೇಳದೆ ಯಾರೂ ಹಗ್ಗ ಮುಟ್ಟಬಾರದು ಎಂದು ಹೆಡ್‌ಮಾಸ್ಟರರ ಕಟ್ಟಾಜ್ಞೆ. ಬಿಂದುವಿನ ಕೈಗೆ ನನ್ನ ಫೋನ್ ಕೊಟ್ಟೆ. "ನಾನ್ ಹೇಳ್ತೀನಿ, ರೆಡಿಯಾಗಿರು" ಎಂದೆ. ಅವಳು ತಲೆಯಾಡಿಸಿದಳು. ಅವತ್ತು ಎರಡು ಜಡೆಗೂ ಹೊಸ ರಿಬ್ಬನ್ ಹಾಕಿಕೊಂಡು ಬಂದಿದ್ದಳು.

ಸಂಪಿಗೆ ರಸ್ತೆಯ ಟ್ರಾಫಿಕ್ ದಾಟಿ ಮಾಯಣ್ಣನವರ ಕಾರು ಬಂದಾಗ ಹನ್ನೆರಡೂ ಹನ್ನೊಂದು. ಪ್ರಾರ್ಥನೆಯನ್ನು ಒಂದೇ ಚರಣಕ್ಕೆ ಇಳಿಸಿದೆ. ಸ್ವಾಗತವನ್ನು ಎರಡು ವಾಕ್ಯದಲ್ಲಿ ಮುಗಿಸಿದೆ. ದೀಪ ಎರಡು ಸಲ ಆರಿತು. ಪೇಟ ತಲೆಗೆ ಸಣ್ಣದಾಯಿತು, ಅದನ್ನು ಒತ್ತಿ ಕೂರಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ರತಿಯೊಂದಕ್ಕೂ ಮೂರು ಮೂರು ಫೋಟೋ. ಹನ್ನೆರಡೂ ಹತ್ತೊಂಬತ್ತಕ್ಕೆ ಅಧ್ಯಕ್ಷರು ಮಾತಿಗೆ ನಿಂತರು. ನನ್ನ ಕೈಯಲ್ಲಿ ಇನ್ನೊಂದು ಮೈಕು ಇತ್ತು.

ಅವರು ಕೆಟ್ಟ ಮನುಷ್ಯರೇನಲ್ಲ. ನಿಜ ಹೇಳಬೇಕೆಂದರೆ ಎಪ್ಪತ್ತೇಳು ಫೋಟೋಗಳನ್ನೂ ನೋಡಿಕೊಂಡು ಬಂದಿದ್ದರು.

"ನಾನು ಓದಿದ್ದು ಏಳನೇ ಕ್ಲಾಸು. ನಮ್ ಕಾಲ್ದಲ್ಲಿ ಇಂಥ ಮೇಷ್ಟ್ರು ಸಿಕ್ಕಿದ್ರೆ ನಾನೂ ಓದ್ತಿದ್ನೋ ಏನೋ" ಎಂದರು. "ದಿನಾ ಬೆಳಗ್ಗೆ ಕಾಫಿ ಕುಡಿಯೋವಾಗ ಮೊದಲು ನಿಮ್ ಕಂಬ ನೋಡ್ತೀನಿ ಮಕ್ಕಳೇ."

ಮಕ್ಕಳು ನಕ್ಕರು. ಹನ್ನೆರಡೂ ಇಪ್ಪತ್ತೆರಡು.

ಮೈಕು ಬಾಯಿಯ ಹತ್ತಿರ ತಂದೆ. ಅವರು ನನ್ನ ಹೆಸರು ಹೇಳಿದರು. ಚೂಡಾಮಣಿ ಮೇಡಂ ಅಂಥವರು ಈ ಶಾಲೆಗೆ ಒಂದು ಆಸ್ತಿ ಎಂದರು. ಚಪ್ಪಾಳೆ ಬಿತ್ತು. ಹೊಗಳುತ್ತಿರುವವರ ಮಾತಿಗೆ ಅಡ್ಡ ಬಾಯಿ ಹಾಕುವುದು ಹೇಗೆ? ಈ ವಾಕ್ಯ ಮುಗಿಯಲಿ ಎಂದುಕೊಂಡೆ. ವಾಕ್ಯ ಮುಗಿಯಿತು, ಇನ್ನೊಂದು ಶುರುವಾಯಿತು. ಅದೂ ನನ್ನ ಬಗ್ಗೆಯೇ.

ಹನ್ನೆರಡೂ ಇಪ್ಪತ್ಮೂರು. ವೆಂಕಟಪ್ಪನವರು ಹಗ್ಗ ಹಿಡಿದು ನನ್ನನ್ನೇ ನೋಡುತ್ತಿದ್ದರು. ಕಂಬದ ಬುಡದಲ್ಲಿ ಬಿಂದು ಮಂಡಿಯೂರಿ, ಸ್ಕೇಲ್ ಇಟ್ಟು, ಎರಡು ಕೈಯಲ್ಲೂ ಫೋನ್ ಹಿಡಿದು ಕೂತಿದ್ದಳು. ಅವಳು ಫೋನ್ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ನೆಲ ನೋಡುವ ಹುಡುಗಿ ಕಣ್ಣು ಕೀಳದೆ ನೋಡುತ್ತಿದ್ದಳು.

"ಸಾರ್, ಒಂದ್ನಿಮಿಷ." ಅಷ್ಟು ಹೇಳಿದ್ದರೆ ಸಾಕಿತ್ತು. ಮಾಯಣ್ಣನವರು ಬೇಸರ ಕೂಡ ಮಾಡಿಕೊಳ್ಳುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ನನಗೆ ಧೈರ್ಯ ಬರಲಿಲ್ಲ. ಆಟೋದವರ ಮೇಲೆ ಬರುವ ಧೈರ್ಯ, ಸ್ಟಾಫ್ ರೂಮಿನಲ್ಲಿ ಬರುವ ಧೈರ್ಯ ಅದೆಲ್ಲಿ ಹೋಗಿತ್ತೋ. ಇಪ್ಪತ್ನಾಲ್ಕಾಯಿತು. ಇಪ್ಪತ್ತೈದಾಯಿತು. ಇಪ್ಪತ್ತಾರಕ್ಕೆ ಬಿಂದು ಫೋನನ್ನು ಮಡಿಲಿಗೆ ಇಳಿಸಿದಳು. ವೆಂಕಟಪ್ಪನವರು ತಲೆ ತಗ್ಗಿಸಿಕೊಂಡರು. ಶಾಮಿಯಾನದ ಬಟ್ಟೆಯ ಮೇಲುಗಡೆ ಬಿಸಿಲು ಧಗಧಗ ಉರಿಯುತ್ತಿತ್ತು.

ಭಾಷಣ ಮುಗಿದದ್ದು ಹನ್ನೆರಡೂ ಮೂವತ್ಮೂರಕ್ಕೆ. ನಾನು ಹೇಳಿದೆ, ಹಗ್ಗ ಎಳೆದರು, ಬಟ್ಟೆ ಸರಿಯಿತು. ಕಂಬದ ಪೂರ್ವಕ್ಕೆ ಅಂಗೈ ಅಗಲದ ನೆರಳು ಬಂದು ಕೂತಿತ್ತು. ಅಧ್ಯಕ್ಷರು ಬಗ್ಗಿ ನೋಡಿ, "ಭಲೇ, ಎಷ್ಟು ಸಣ್ಣದು" ಎಂದು ಬಿಂದುವಿನ ತಲೆ ಸವರಿದರು. ಅವರಿಗೆ ನಿಜ ಗೊತ್ತಾಗುವ ಮೊದಲೇ ಪಂಚಾಕ್ಷರಯ್ಯನವರು ಅವಳ ಕಡೆ ಬಗ್ಗಿ ಮೆತ್ತಗೆ ಹೇಳಿದರು.

"ತೆಗಿಯಮ್ಮ ಫೋಟೋ. ಕಂಬಕ್ಕೆ ಹತ್ತಿರ ಹಿಡಿದು ತೆಗೆದ್ರೆ ನೆರಳು ಕಾಣಲ್ಲ. ಟೈಮು ಹನ್ನೆರಡೂ ಇಪ್ಪತ್ನಾಲ್ಕು ಅಂತ ಬರ್ದ್ಬಿಡು, ಯಾರು ನೋಡ್ತಾರೆ."

ಬಿಂದು ದಿನಾ ತೆಗೆಯುವ ದೂರದಲ್ಲೇ ಕೂತು, ದಿನಾ ತೆಗೆಯುವ ಹಾಗೇ ಒಂದು ಫೋಟೋ ತೆಗೆದು, ಫೋನ್ ನನ್ನ ಕೈಗೆ ಕೊಟ್ಟು ಸಾಲಿಗೆ ಹೋಗಿ ನಿಂತಳು. ಮಧ್ಯಾಹ್ನದ ಪೀರಿಯಡ್‌ನಲ್ಲಿ ಅವಳ ಹತ್ತಿರ ಹೋಗಿ, "ತಪ್ಪಾಯ್ತು ಕಣೇ" ಎಂದೆ. "ಪರವಾಗಿಲ್ಲ ಮಿಸ್" ಎಂದಳು. ಮತ್ತೆ ನೆಲ ನೋಡಿಕೊಂಡೇ ಹೇಳಿದಳು. ಅದು ನನಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಸಂಜೆ ಆರೂವರೆಗೆ ಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಾಗ ಫೋನ್ ಸದ್ದು ಮಾಡಿತು. ದೊಡ್ಡ ಗ್ರೂಪಿನಲ್ಲಿ ಪೇಟದ ಫೋಟೋಗಳ ಮೆರವಣಿಗೆ ಸಾಗುತ್ತಿತ್ತು. ಸದ್ದು ಬಂದದ್ದು ಅಲ್ಲಿಂದಲ್ಲ, ಆಲ್ಬಮ್ಮಿನಿಂದ. ಮಧ್ಯಾಹ್ನ ನಾನು ಸೇರಿಸಿದ್ದ ಎಪ್ಪತ್ತೆಂಟನೆಯ ಫೋಟೋದ ಕೆಳಗೆ ಅಮ್ಮನ ಫೋನಿನಿಂದ ಬಿಂದು ಬರೆದಿದ್ದಳು.

"ಆಗಸ್ಟ್ 18. ಸಮಯ 12.34. ನೆರಳು 10 ಸೆಂ.ಮೀ. ಮೋಡ ಇರಲಿಲ್ಲ. 12.24ಕ್ಕೆ ಫೋಟೋ ಇಲ್ಲ. ಕಾರಣ: ಮಿಸ್ ಹೇಳಲಿಲ್ಲ."

ಕೈ ಒರೆಸಿಕೊಳ್ಳುವುದನ್ನೂ ಮರೆತು ಓದಿದೆ. ಶಾಮಿಯಾನದ ಹೆಸರಿಲ್ಲ, ಅಧ್ಯಕ್ಷರ ಹೆಸರಿಲ್ಲ, ಹೆಡ್‌ಮಾಸ್ಟರರ ಹೆಸರಿಲ್ಲ. ಹತ್ತು ನಿಮಿಷಕ್ಕೆ ಪಂಚಾಕ್ಷರಯ್ಯನವರ ಫೋನ್ ಬಂತು.

"ಮೇಡಂ, ಆ ಹುಡುಗಿ ಏನೋ ಬರ್ದಿದಾಳೆ ನೋಡಿ. ಆಲ್ಬಂ ನಿಮ್ದೇ ಅಲ್ವಾ, ಅಳಿಸ್ಬಿಡಿ. ನಿಮ್ ಮರ್ಯಾದೆ ಪ್ರಶ್ನೆ. ಮಾಯಣ್ಣೋರೂ ಬೆಳಗ್ಗೆ ಕಾಫಿ ಹೊತ್ತಿಗೆ ನೋಡ್ತಾರೆ."

"ನೋಡ್ಲಿ ಸಾರ್."

"ಏನಂತ ಅಂದ್ಕೊಳಲ್ಲ ಅವರು?"

"ಅವಳು ಬರ್ದಿರೋದು ಸರಿಯಾಗಿದೆ ಸಾರ್. ನಾನು ಹೇಳ್ಲಿಲ್ಲ" ಎಂದೆ. ಅವರು ಇನ್ನೂ ಏನೋ ಹೇಳುತ್ತಿದ್ದರು, ನಾನು ಮಧ್ಯದಲ್ಲೇ ಬಾಯಿ ಹಾಕಿದೆ. "ಒಂದ್ನಿಮಿಷ ಸಾರ್, ಇಡ್ತೀನಿ. ಒಲೆ ಮೇಲೆ ಅನ್ನಕ್ಕೆ ಇಡ್ಬೇಕು."